ಪ್ಯಾಪ್ ಸ್ಮಿಯರ್‌ನಲ್ಲಿ ಸಣ್ಣ ವ್ಯತ್ಯಾಸ: ನಾನು ಕಾರಣ ಹುಡುಕುವ ಬಗೆ

ಪ್ಯಾಪ್ ಸ್ಮಿಯರ್ ಎಂದರೆ ಗರ್ಭಕೋಶದ ಬಾಯಿಯಿಂದ ಜೀವಕೋಶ ತೆಗೆದು, ಅಲ್ಲಿ ಕ್ಯಾನ್ಸರಿನ ಸುಳಿವು ಇದೆಯಾ ಎಂದು ನೋಡುವ ಪರೀಕ್ಷೆ. ಕುಮಟಾದ ನನ್ನ ಕ್ಲಿನಿಕ್ಕಿನಿಂದ ಲ್ಯಾಬಿಗೆ ಹೋಗುವ ಪ್ಯಾಪ್ ಸ್ಮಿಯರ್ ಸ್ಲೈಡುಗಳಲ್ಲಿ ಹೆಚ್ಚಿನವು ನಾರ್ಮಲ್ ಎಂದೇ ವಾಪಸ್ ಬರುತ್ತವೆ. ಕ್ಯಾನ್ಸರ್ ಎಂದು ಬರುವುದು ಅಪರೂಪ. ಬಂದರೂ ಮುಂದೇನು ಮಾಡಬೇಕು ಎಂಬುದರಲ್ಲಿ ಗೊಂದಲವಿಲ್ಲ. ತಲೆ ತಿನ್ನುವುದು ಇವೆರಡರ ನಡುವಿನ ರಿಪೋರ್ಟುಗಳು. ಅವುಗಳ ಮೇಲೆ ‘ಆಸ್ಕಸ್’ ಅಂತಲೋ ‘ಎಲ್‌ಸಿಲ್’ ಅಂತಲೋ ಬರೆದಿರುತ್ತದೆ. ಆಸ್ಕಸ್ ಎಂದರೆ ಜೀವಕೋಶಗಳು ಪೂರ್ತಿ ಸರಿ ಕಾಣುತ್ತಿಲ್ಲ, ಯಾಕೆಂದು ಸ್ಲೈಡ್ ನೋಡಿದವರಿಗೂ ಹೇಳಲಾಗುತ್ತಿಲ್ಲ. ಎಲ್‌ಸಿಲ್ ಎಂದರೆ ಬದಲಾವಣೆ ಇರುವುದು ಹೌದು, ಆದರೆ ಕೆಳಮಟ್ಟದ್ದು.

ಎರಡೂ ಕಾಯಿಲೆಯ ಹೆಸರಲ್ಲ. ಹಾಗಾಗಿ ಔಷಧಿ ಬರೆಯುವ ಮೊದಲು ಈ ಹೆಂಗಸಿನಲ್ಲಿ ಇದು ಯಾಕೆ ಬಂತು ಅಂತ ನೋಡುತ್ತೇನೆ. ಹುಡುಕಾಟ ಶುರುವಾಗುವುದು ರಿಪೋರ್ಟ್ ಬಂದ ದಿನ ಅಲ್ಲ, ಸ್ಲೈಡ್ ತೆಗೆಯುವ ದಿನ.

ನಮ್ಮ ಕರಾವಳಿಯ ಸೆಖೆಯಲ್ಲಿ ಫ್ಯಾನ್ ಇಲ್ಲದೆ ಕೂರುವುದು ಕಷ್ಟ. ಆದರೂ ಸ್ಮಿಯರ್ ತೆಗೆಯುವಾಗ ಫ್ಯಾನ್ ಬಂದ್. ಗರ್ಭಕೋಶದ ಬಾಯಿಯಿಂದ ತೆಗೆದದ್ದನ್ನು ಗಾಜಿಗೆ ಸವರಿದ ಕೂಡಲೇ 95 ಶೇಕಡಾ ಆಲ್ಕೋಹಾಲಿಗೆ ಹಾಕಬೇಕು. ಸ್ವಲ್ಪ ಗಾಳಿಗೆ ಒಣಗಿದರೂ ಜೀವಕೋಶ ಚಪ್ಪಟೆಯಾಗಿ, ಅದರ ನ್ಯೂಕ್ಲಿಯಸ್ ದೊಡ್ಡದಾಗಿ ಕಾಣುತ್ತದೆ. ನೋಡುವವರಿಗೆ ಸಂಶಯ ಬರುವುದು ಸಹಜ. ಅಂದರೆ ಆರೋಗ್ಯವಾಗಿರುವ ಹೆಂಗಸಿಗೂ ಬರೀ ಫ್ಯಾನಿನ ಗಾಳಿಯಿಂದ ಆಸ್ಕಸ್ ರಿಪೋರ್ಟ್ ಬರಬಹುದು! ಮುಟ್ಟಿನ ದಿನಗಳಲ್ಲಿ ನಾನು ಸ್ಮಿಯರ್ ತೆಗೆಯುವುದಿಲ್ಲ. ಹಿಂದಿನ ಎರಡು ದಿನ ಗಂಡಹೆಂಡತಿ ಸೇರಬಾರದು, ಒಳಗೆ ಕ್ರೀಮು, ಮಾತ್ರೆ ಇಡಬಾರದು ಎಂದು ಮೊದಲೇ ಹೇಳಿ ಕಳಿಸುತ್ತೇವೆ.

ಸ್ಲೈಡಿನ ಜೊತೆ ಹೋಗುವ ಚೀಟಿಯೂ ಅಷ್ಟೇ ಮುಖ್ಯ. ವಯಸ್ಸು, ಕಡೆಯ ಮುಟ್ಟಿನ ದಿನ, ಕಾಪರ್ ಟಿ ಇದೆಯಾ, ಹೆರಿಗೆಯಾಗಿ ಎಷ್ಟು ದಿನ, ಮುಟ್ಟು ನಿಂತಿದೆಯಾ, ಎಲ್ಲವನ್ನೂ ಬರೆಯುತ್ತೇನೆ. ಇದನ್ನು ಖಾಲಿ ಬಿಡುವ ಡಾಕ್ಟರುಗಳು ಜಾಸ್ತಿ. ಲ್ಯಾಬಿನವರಿಗೆ ಏನೂ ತಿಳಿಸದೆ ಆಮೇಲೆ ರಿಪೋರ್ಟ್ ಸರಿಯಿಲ್ಲ ಎಂದು ಗೊಣಗುವುದು ನ್ಯಾಯ ಅಲ್ಲ.

ಯಾಕೆಂದರೆ ವಯಸ್ಸೊಂದೇ ಎಷ್ಟೋ ವಿಷಯ ಹೇಳಿಬಿಡುತ್ತದೆ. ಅರವತ್ತರ ಆಚೆಈಚೆಯ ಅಮ್ಮಂದಿರಿಗೆ ಆಸ್ಕಸ್ ಬಂದರೆ ನನ್ನ ಮೊದಲ ಸಂಶಯ ಈಸ್ಟ್ರೋಜನ್ ಕೊರತೆಯ ಮೇಲೆ. ಮುಟ್ಟು ನಿಂತ ಮೇಲೆ ಆ ಹಾರ್ಮೋನ್ ಇಳಿದು ಒಳಗಿನ ಪದರ ತೆಳ್ಳಗಾಗುತ್ತದೆ, ಒಣಗುತ್ತದೆ. ಅಲ್ಲಿಯ ಜೀವಕೋಶಗಳು ಮೈಕ್ರೋಸ್ಕೋಪಿನಲ್ಲಿ ವಿಚಿತ್ರವಾಗಿ ಕಾಣುತ್ತವೆ. ಕೇಳಿದರೆ ಉರಿ, ತುರಿಕೆ ಇದೆ ಅನ್ನುತ್ತಾರೆ, ತಾವಾಗಿ ಹೇಳುವುದಿಲ್ಲ. ಸ್ತನ ಕ್ಯಾನ್ಸರ್ ಆದವರಲ್ಲ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮನ್ನು ಕೆಲವು ವಾರ ಕೊಡುತ್ತೇನೆ. ನಿಲ್ಲಿಸಿ ಸ್ವಲ್ಪ ದಿನ ಬಿಟ್ಟು ಮತ್ತೆ ಸ್ಮಿಯರ್. ಎಷ್ಟೋ ಸಲ ಅದು ನಾರ್ಮಲ್ ಬರುತ್ತದೆ. ಹಾಗೆ ಬಾರದಿದ್ದರೆ ಮುಂದಿನ ಪರೀಕ್ಷೆ ತಪ್ಪಿಸುವಂತಿಲ್ಲ.

ಹೆರಿಗೆಯಾದ ಹೊಸತರಲ್ಲಿ ಗಾಯ ಮಾಯುತ್ತಿರುವ ಜೀವಕೋಶಗಳೂ ಹೀಗೇ ಮೋಸ ಮಾಡುತ್ತವೆ. ತುರ್ತಿಲ್ಲದಿದ್ದರೆ ಮೂರು ತಿಂಗಳು ಕಾಯುತ್ತೇನೆ. ಕಾಪರ್ ಟಿ ಇರುವವರಲ್ಲೂ ಉಜ್ಜಿಕೊಂಡು ಸ್ವಲ್ಪ ಬದಲಾವಣೆ ಕಾಣಬಹುದು. ಅಷ್ಟಕ್ಕೇ ಅದನ್ನು ಕಿತ್ತು ಹಾಕುವ ಅಗತ್ಯವಿಲ್ಲ. ಫೋಲಿಕ್ ಆಸಿಡ್, ಬಿ12 ತೀರಾ ಕಡಿಮೆಯಾದಾಗ ಜೀವಕೋಶಗಳು ಉಬ್ಬಿ ಕಾಣುವುದೂ ಉಂಟು, ಆದರೆ ಅದು ಅಪರೂಪದ ಮಾತು.

ಇನ್ನು ಬಿಳಿಸೆರಗು. ಇಲ್ಲಿ ನನಗೆ ಒಂದು ತಕರಾರಿದೆ. ರಿಪೋರ್ಟಿನಲ್ಲಿ ‘ಇನ್‌ಫ್ಲಮೇಟರಿ’ (ಉರಿಯೂತ ಇದೆ) ಎಂಬ ಪದ ಕಂಡ ತಕ್ಷಣ ಆಂಟಿಬಯೋಟಿಕ್ ಕಿಟ್ ಕೊಡುವ ಅಭ್ಯಾಸ ನಮ್ಮಲ್ಲಿ ಬೇರು ಬಿಟ್ಟಿದೆ. ಕಿಟ್ ಮುಗಿಯುತ್ತದೆ, ಸೆರಗು ಹಾಗೇ ಇರುತ್ತದೆ, ಮತ್ತೊಬ್ಬರು ಮತ್ತೊಂದು ಕಿಟ್ ಕೊಡುತ್ತಾರೆ. ಟ್ರೈಕೊಮೊನಾಸ್ ಎಂಬ ಸೂಕ್ಷ್ಮಜೀವಿ ಇದ್ದರೆ ಚಿಕಿತ್ಸೆ ಬೇಕೇ ಬೇಕು, ಗಂಡನಿಗೂ ಕೊಡಬೇಕು. ಅದು ನಿಜಕ್ಕೂ ಜೀವಕೋಶಗಳ ರೂಪ ಕೆಡಿಸುತ್ತದೆ. ಫಂಗಸ್ ಇದ್ದು ತುರಿಕೆ ಇದ್ದರೆ ಅದಕ್ಕೆ ಬೇರೆ ಔಷಧಿ. ಇವೇನೂ ಇಲ್ಲ, ತೊಂದರೆಯೂ ಇಲ್ಲ ಅಂದರೆ ಸುಮ್ನೆ ಮಾತ್ರೆ ನುಂಗಿಸುವುದಿಲ್ಲ. ಸೋಂಕಿಗೆ ಔಷಧಿ ಕೊಟ್ಟೆ ಎಂದು ಆಸ್ಕಸ್ ವಿಷಯ ಮರೆಯುವ ಹಾಗೂ ಇಲ್ಲ, ಎರಡೂ ಒಟ್ಟಿಗೆ ಇರಬಹುದು.

ಎಲ್ಲಕ್ಕಿಂತ ದೊಡ್ಡ ಕಾರಣ ಎಚ್‌ಪಿವಿ ವೈರಸ್. ಆಸ್ಕಸ್‌ನಲ್ಲಿ ಅದು ಇರಬಹುದು, ಇಲ್ಲದೆಯೂ ಇರಬಹುದು. ಎಲ್‌ಸಿಲ್‌ನಲ್ಲಿ ಬಹುತೇಕ ಇರುತ್ತದೆ. ಈ ವೈರಸ್ಸಿಗೂ ಗರ್ಭಕೋಶದ ಬಾಯಿಯ ಕ್ಯಾನ್ಸರಿಗೂ ಇರುವ ನಂಟು ತೋರಿಸಿದ್ದಕ್ಕೆ ಜರ್ಮನಿಯ ವಿಜ್ಞಾನಿ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಇದರಲ್ಲಿ ಇನ್ನೂರಕ್ಕೂ ಹೆಚ್ಚು ಬಗೆ. 16 ಮತ್ತು 18 ಎಂಬ ಎರಡೇ ಬಗೆಗಳು ಈ ಕ್ಯಾನ್ಸರಿನ ಸುಮಾರು 70 ಶೇಕಡಾಕ್ಕೆ ಕಾರಣ.

ಇದನ್ನು ಹೇಳಲು ನಾನು ಸಮಯ ತೆಗೆದುಕೊಳ್ಳುತ್ತೇನೆ. ಜೊತೆಗೆ ಬಂದವರನ್ನು ಹೊರಗೆ ಕೂರಿಸುತ್ತೇನೆ, ಅತ್ತೆಯಾಗಲಿ, ಗಂಡನಾಗಲಿ. ಇದು ಹರಡುವುದು ಲೈಂಗಿಕ ಸಂಪರ್ಕದಿಂದ ಎಂದ ಕೂಡಲೇ ಮುಖ ಬಾಡುತ್ತದೆ. “ನಮ್ಮನೆಯವ್ರು ಬೋಟಿಗೆ ಹೋಗೂದು ಮೇಡಂ. ಅಲ್ಲಿಂದ ತಂದದ್ದಾ?” ಎಂದು ಕೇಳುತ್ತಾರೆ. ಗಲ್ಫಿನಲ್ಲಿ ಗಂಡ ಇರುವವರದ್ದೂ, ಲಾರಿ ಡ್ರೈವರ್ ಮನೆಯವರದ್ದೂ ಇದೇ ಪ್ರಶ್ನೆ. ಕೆಲವರು ಕೇಳುವುದೂ ಇಲ್ಲ, ನೆಲ ನೋಡುತ್ತಾರೆ.

ನಾನು ಹೇಳುವುದು ಇಷ್ಟು. ಸಂಸಾರ ಮಾಡಿದ ಹೆಚ್ಚಿನ ಹೆಂಗಸರಿಗೂ ಗಂಡಸರಿಗೂ ಬದುಕಿನಲ್ಲಿ ಒಮ್ಮೆ ಈ ವೈರಸ್ ತಗುಲಿರುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಆಮೇಲೆ ಕಾಣಿಸಿಕೊಳ್ಳಬಹುದು. ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ಹಾಗಾಗಿ ಈ ಕಾಗದ ಇಟ್ಟುಕೊಂಡು ಮನೆಯಲ್ಲಿ ಜಗಳ ಮಾಡಬೇಡಿ, ಮಾಡಲು ಬಿಡಲೂ ಬೇಡಿ. ಬೇಕಾದರೆ ಗಂಡನನ್ನು ಒಳಗೆ ಕರೆದು ನಾನೇ ಹೇಳುತ್ತೇನೆ. ಹೆಚ್ಚಿನವರ ಮೈ ತಾನಾಗಿಯೇ ಒಂದೆರಡು ವರ್ಷದಲ್ಲಿ ವೈರಸ್ಸನ್ನು ಹೊರಹಾಕುತ್ತದೆ. ಹೋಗದೆ ಉಳಿದವರಲ್ಲಿ ಮಾತ್ರ ಅಪಾಯ. ಅದೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಎಚ್‌ಐವಿ ಇರುವವರಲ್ಲಿ, ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ತಿನ್ನುವವರಲ್ಲಿ ಇದು ಬೇಗ ಆಗಬಹುದು, ಅವರ ಮೇಲೆ ನನ್ನ ಕಣ್ಣು ಹೆಚ್ಚು. ಬೀಡಿ, ಸಿಗರೇಟೂ ವೈರಸ್ಸಿಗೆ ಆಸರೆ. ನಮ್ಮ ಕಡೆ ಹೆಂಗಸರು ಸೇದುವುದು ಕಡಿಮೆ, ಕವಳ (ಎಲೆಅಡಿಕೆ) ಹಾಕುವುದು ಜಾಸ್ತಿ. ಅದೇ ನೆಪದಲ್ಲಿ ಬಾಯಿ ತೆರೆಸಿ ಅದನ್ನೂ ಒಮ್ಮೆ ನೋಡಿಬಿಡುತ್ತೇನೆ.

ಮುಂದಿನ ಹೆಜ್ಜೆ ಹೀಗೆ. ಆಸ್ಕಸ್ ಬಂದವರಿಗೆ ಕೈಗೆಟುಕಿದರೆ ಎಚ್‌ಪಿವಿ ಪರೀಕ್ಷೆ. ನೆಗೆಟಿವ್ ಬಂದರೆ ಮೂರು ವರ್ಷದ ನಂತರ ಬಂದರೆ ಸಾಕು. ಪಾಸಿಟಿವ್ ಬಂದರೆ ಕಾಲ್ಪೊಸ್ಕೋಪಿ. ಎಚ್‌ಪಿವಿ ಪರೀಕ್ಷೆಗೆ ದುಡ್ಡಿನ ತೊಂದರೆ ಇದ್ದರೆ ಒಂದು ವರ್ಷಕ್ಕೆ ಇನ್ನೊಂದು ಸ್ಮಿಯರ್. ಎಲ್‌ಸಿಲ್ ಆದರೆ ಸಾಮಾನ್ಯವಾಗಿ ನೇರ ಕಾಲ್ಪೊಸ್ಕೋಪಿಗೇ ಕಳಿಸುತ್ತೇನೆ. ಇಪ್ಪತ್ತೈದರ ಒಳಗಿನವರಿಗೆ ಮಾತ್ರ ಒಂದು ವರ್ಷ ಕಾಯಬಹುದು. ಕಾಲ್ಪೊಸ್ಕೋಪಿ ಎಂದರೆ ಆಪರೇಷನ್ ಅಲ್ಲ. ಗರ್ಭಕೋಶದ ಬಾಯಿಗೆ ತೆಳು ಅಸಿಟಿಕ್ ಆಸಿಡ್ ಹಚ್ಚಿ, ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ನೋಡುವುದು. ಬಿಳಿಯಾದ ಜಾಗ ಕಂಡರೆ ಅಲ್ಲಿಂದ ಒಂದು ಚೂರು ತೆಗೆಯುತ್ತಾರೆ, ಅಷ್ಟೇ. ಆದರೆ ಅದಕ್ಕೆ ಮಣಿಪಾಲವೋ ಹುಬ್ಬಳ್ಳಿಯೋ ಎಂದಾಗ ಮನೆಯವರಿಗೆ ಅದು ದೊಡ್ಡ ಕಾಯಿಲೆಯಾಗಿಯೇ ಕೇಳಿಸುತ್ತದೆ. ಒಳ್ಳೆಯ ಆಸ್ಪತ್ರೆ ಬೇಕು ಎಂದು ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಕೂಗುತ್ತಿರುವುದು ಸುಮ್ಮನೆ ಅಲ್ಲ.

“ಇಷ್ಟೆಲ್ಲ ಯಾಕೆ, ಗರ್ಭಕೋಶವನ್ನೇ ತೆಗೆದುಬಿಡಿ” ಎನ್ನುವವರೂ ಇದ್ದಾರೆ. ಮಕ್ಕಳಾಯ್ತಲ್ಲ, ಇನ್ಯಾಕೆ ಬೇಕು ಎಂಬ ಲೆಕ್ಕ. ಆಸ್ಕಸ್‌ಗಾಗಲಿ ಎಲ್‌ಸಿಲ್‌ಗಾಗಲಿ ಗರ್ಭಕೋಶ ತೆಗೆಯುವುದು ಚಿಕಿತ್ಸೆ ಅಲ್ಲ. ನಾನು ಮಾಡುವುದಿಲ್ಲ, ಬೇರೆಯವರು ಮಾಡುತ್ತೇವೆ ಎಂದರೂ ಒಪ್ಪಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತೇನೆ.

ನಿಜವಾದ ಕಷ್ಟ ಮತ್ತೆ ಬರುವಂತೆ ಮಾಡುವುದು. ‘ಮುಂದಿನ ವರ್ಷ ಬನ್ನಿ’ ಎಂದರೆ ಯಾರೂ ಬರುವುದಿಲ್ಲ. ತಿಂಗಳು ನೋಡಿ ದಿನ ಗೊತ್ತು ಮಾಡುತ್ತೇನೆ. ದೇವಿಮನೆ ಘಟ್ಟ ಇಳಿದು ಬರುವ ಅಡಿಕೆ ತೋಟದವರಿಗೆ ಗೊನೆ ಕೊಯ್ಲಿನ ಸಮಯ ಹೇಳಿ ಪ್ರಯೋಜನವಿಲ್ಲ. ಮೀನುಗಾರರ ಮನೆಯವರಿಗೆ ಜೂನ್, ಜುಲೈ ಒಳ್ಳೆಯದು, ಬೋಟುಗಳು ದಡದಲ್ಲಿರುತ್ತವೆ, ಮಾರಲು ಮೀನೂ ಕಡಿಮೆ. ನಮ್ಮ ಸಿಸ್ಟರ್ ಹತ್ತಿರ ಒಂದು ರಿಜಿಸ್ಟರ್ ಇದೆ, ಬಾರದವರಿಗೆ ಆಕೆ ಫೋನ್ ಮಾಡುತ್ತಾರೆ. ಸಿಗದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳುತ್ತೇವೆ, ಚೆಕಪ್ ಇದೆ ಎಂದಷ್ಟೇ. ರಿಪೋರ್ಟ್ ಮಾತ್ರ ಪರೀಕ್ಷೆ ಮಾಡಿಸಿಕೊಂಡ ಹೆಂಗಸು ಕೊಟ್ಟ ನಂಬರಿಗೇ ಹೋಗುತ್ತದೆ, ಮನೆಯವರ ವಾಟ್ಸಾಪಿಗೆ ಅಲ್ಲ.