ಪಿಸಿಯ ಪ್ಲೇಯರ್ ಸನ್ ವರ್ಕ್‌ಸ್ಟೇಷನ್‌ನಲ್ಲೂ ಹಾಡಬೇಕಾ? ಹೀಗೆ ಮಾಡಿ

ಲಿನಕ್ಸ್ ಪಿಸಿಯಲ್ಲಿ ಸಲೀಸಾಗಿ ಓಡುತ್ತಿದ್ದ ವೇವ್ (.wav) ಹಾಡಿನ ಫೈಲ್ ನುಡಿಸುವ ಪುಟ್ಟ ಪ್ಲೇಯರ್ ಒಂದನ್ನು ಸನ್ ಕಂಪನಿಯ ಹಳೇ ವರ್ಕ್‌ಸ್ಟೇಷನ್ ಸ್ಪಾರ್ಕ್‌ಸ್ಟೇಷನ್ 5ಕ್ಕೆ ತಂದೆ. ಸೌಂಡ್ ಕಾರ್ಡ್‌ಗೆ ಬರೆಯುವ ನಾಲ್ಕು ಸಾಲು ಬದಲಿಸಿದರೆ ಆಯ್ತು ಅಂದುಕೊಂಡಿದ್ದೆ. ಆ ಸಾಲುಗಳಿಗೆ ಹಿಡಿದದ್ದು ಒಂದು ಗಂಟೆ, ಫೈಲ್ ಓದುವ ಭಾಗ ಮಾತ್ರ ಮೂರು ದಿನ ತಿಂದಿತು.

ಕೋಡ್ ಮುಟ್ಟುವ ಮೊದಲು ಮೆಷಿನ್ ಸದ್ದು ಮಾಡುತ್ತದಾ ನೋಡಿ. ಸನ್‌ನ ಆಪರೇಟಿಂಗ್ ಸಿಸ್ಟಂ ಸೊಲಾರಿಸ್‌ನಲ್ಲಿ ಒಂದು ಎಯು ಫೈಲನ್ನು (ಸನ್‌ನದೇ ಸೌಂಡ್ ಫೈಲ್) ಕ್ಯಾಟ್ ಕಮಾಂಡ್‌ನಿಂದ ಸದ್ದಿನ ಡಿವೈಸ್ ಫೈಲ್ ಆದ /ಡೆವ್/ಆಡಿಯೊಗೆ ನೇರ ಸುರಿದರೆ ಸಾಕು. ಏನೂ ಕೇಳಿಸದಿದ್ದರೆ ಸದ್ದು ಸ್ಪೀಕರ್ ಬಿಟ್ಟು ಹೆಡ್‌ಫೋನ್ ಕಡೆ ಹೋಗುತ್ತಿರಬಹುದು, ಅದನ್ನೊಮ್ಮೆ ನೋಡಿ.

ಆಮೇಲೆ ಸದ್ದು ಹೊರಡಿಸುವ ಭಾಗವನ್ನು ಬೇರೆ ಫೈಲ್‌ಗೆ ಹಾಕಿ. ತೆರೆಯೋದು, ಹೊಂದಿಸೋದು, ಬರೆಯೋದು, ಮುಚ್ಚೋದು, ನಾಲ್ಕೇ ಫಂಕ್ಷನ್. ಹಳೇ ಲಿನಕ್ಸ್ ಪ್ಲೇಯರ್‌ಗಳು /ಡೆವ್/ಡಿಎಸ್‌ಪಿಗೆ ಬರೆಯುತ್ತವೆ. ಸನ್‌ನಲ್ಲಿ ಅದು ಇಲ್ಲ, /ಡೆವ್/ಆಡಿಯೊ ತೆರೆದು ರೇಟ್ (ಸೆಕೆಂಡಿಗೆ ಎಷ್ಟು ಸ್ಯಾಂಪಲ್, ಅಂದರೆ ಸದ್ದಿನ ಅಳತೆ), ಚಾನೆಲ್, ಬಿಟ್, ಎನ್‌ಕೋಡಿಂಗ್ (ಆ ಅಳತೆಯನ್ನು ಅಂಕಿಯಾಗಿ ಬರೆಯುವ ರೀತಿ) ನಾಲ್ಕನ್ನೂ ನೀವೇ ಹೇಳಬೇಕು. ಹೇಳದೇ ಬಿಟ್ಟರೆ ಅದು ಸೆಕೆಂಡಿಗೆ 8000 ಸ್ಯಾಂಪಲ್, 8 ಬಿಟ್, ಒಂದೇ ಚಾನೆಲ್ ಅಂತ ತಿಳಿದುಕೊಳ್ಳುತ್ತದೆ, ಅಂದರೆ ಫೋನಿನ ಗುಣಮಟ್ಟ. ಸಿಡಿ ಗುಣಮಟ್ಟದ ಒಂದು ಸೆಕೆಂಡಿನ ಹಾಡು 1,76,400 ಬೈಟ್. ಅದನ್ನು ಹಾಗೇ ಸುರಿದರೆ 22 ಸೆಕೆಂಡ್ ಕರ್ಕಶ ಸದ್ದು, ಅಷ್ಟೇ.

ಈಗ ನಿಜವಾದ ತಲೆನೋವು. ಪ್ಲೇಯರ್ ಓಡಿಸಿದೆ. ಸ್ಯಾಂಪಲ್ ರೇಟ್ 1,15,21,22,880 ಅಂತು! 115 ಕೋಟಿ! ಫೈಲ್‌ನಲ್ಲಿದ್ದದ್ದು ಬರೀ 44,100. ವೇವ್ ಫೈಲ್ ಆ ಅಂಕಿಯನ್ನು 68, 172, 0, 0 ಅಂತ ನಾಲ್ಕು ಬೈಟ್‌ನಲ್ಲಿ, ಚಿಕ್ಕ ಸ್ಥಾನದ ಬೈಟನ್ನು ಮುಂದಿಟ್ಟು ಬರೆದಿರುತ್ತದೆ. ಪಿಸಿ ಓದೋದೂ ಹಾಗೇ. ಸನ್‌ನ ಪ್ರೊಸೆಸರ್ ಆದ ಸ್ಪಾರ್ಕ್‌ಗೆ ದೊಡ್ಡ ಸ್ಥಾನದ್ದು ಮೊದಲು ಬರಬೇಕು, ಹಾಗಾಗಿ 68ನ್ನೇ ದೊಡ್ಡ ತುದಿ ಅಂದುಕೊಂಡು ಲೆಕ್ಕ ಹಾಕಿತು.

ಬೈಟ್‌ಗಳನ್ನು ತಿರುಗಿಸಿದೆ, ಫೈಲ್ ಶುರುವಿನ ವಿವರ, ಅಂದರೆ ಹೆಡರ್, ಸರಿಯಾಯ್ತು, ಕೆಲವು ಫೈಲ್ ದಾಟಿದವು. ಇನ್ನು ಕೆಲವಕ್ಕೆ ಪ್ರೋಗ್ರಾಂ ಬಸ್ ಎರರ್ (ತಪ್ಪು ವಿಳಾಸದಿಂದ ಮೆಮೊರಿ ಓದಿದ ದೋಷ) ಅಂತ ಸತ್ತಿತು. ಒಂದೇ ಪ್ರೋಗ್ರಾಂ, ಒಂದೇ ಥರದ ಹಾಡು, ಮತ್ತೇಕೆ ಹೀಗೆ? ಹೆಡರ್‌ನಲ್ಲಿ ರೇಟ್, ಚಾನೆಲ್ ಹೇಳುವ ಫಾರ್ಮ್ಯಾಟ್ ತುಂಡು 16 ಬೈಟ್ ಇದ್ದರೆ ಡೇಟಾದ ಅಳತೆ (ಸೊನ್ನೆಯಿಂದ ಎಣಿಸಿದರೆ) 40ನೇ ಬೈಟ್‌ನಲ್ಲಿ ಸಿಗುತ್ತದೆ, 18 ಇದ್ದರೆ 42ನೇದರಲ್ಲಿ. ನಾಲ್ಕು ಬೈಟ್‌ನ ಅಂಕಿ ಓದಲು ಸ್ಪಾರ್ಕ್‌ಗೆ ನಾಲ್ಕರಿಂದ ಭಾಗವಾಗುವ ವಿಳಾಸವೇ ಬೇಕು. 42 ಭಾಗವಾಗಲ್ಲ ಅಲ್ವಾ? ಪಿಸಿ ಇಂಥದ್ದನ್ನು ಸುಮ್ನೆ ನುಂಗಿಕೊಳ್ಳುತ್ತದೆ, ಅದಕ್ಕೇ ಅಲ್ಲಿ ಗೊತ್ತೇ ಆಗಿರಲಿಲ್ಲ.

ಎರಡಕ್ಕೂ ಮದ್ದು ಒಂದೇ. ನಾಲ್ಕು ಬೈಟ್ ಒಟ್ಟಿಗೆ ಎತ್ತಬೇಡಿ. ಒಂದೊಂದೇ ತೆಗೆದು, ಮೊದಲನೆಯದಕ್ಕೆ ಎರಡನೆಯದರ 256 ಪಟ್ಟು ಸೇರಿಸಿ, ಮೂರನೆಯದನ್ನು 65,536ರಿಂದ ಗುಣಿಸಿ, ಹೀಗೆ ಅಂಕಿ ಕಟ್ಟಿ. ವಿಳಾಸ ಎಲ್ಲಿದ್ದರೂ ನಡೆಯುತ್ತದೆ, ಪಿಸಿಯಲ್ಲೂ ಅದೇ ಕೋಡ್ ಓಡುತ್ತದೆ. ಎಲ್ಲೆಂದರಲ್ಲಿ ಬೈಟ್ ತಿರುಗಿಸುವ ಸಾಲು ತುರುಕುವವರನ್ನು ನೋಡಿದ್ದೇನೆ, ಮುಂದೆ ಪಿಸಿಗೆ ವಾಪಸ್ ಹೋದಾಗ ಅಲ್ಲಿ ಹಾಡು ಕೆಡುತ್ತದೆ.

ಹೆಡರ್ ಆದಮೇಲೆ 16 ಬಿಟ್ ಸ್ಯಾಂಪಲ್‌ಗಳನ್ನೂ ಹೀಗೇ ಕಟ್ಟಬೇಕು. ನಾನು ಇದನ್ನು ಮರೆತಿದ್ದೆ. 1 ಇರಬೇಕಾದ ಕಡೆ 256 ಬಂತು, ಸಣ್ಣ ಸದ್ದೆಲ್ಲ ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ. ಅದರ ಹಿಂದೆ ಹಾಡಿನ ತಾಳ ಮಾತ್ರ ಎಲ್ಲೋ ಕೇಳುತ್ತಿತ್ತು. ಹಾಗೆ ಕೇಳಿದರೆ ಬೈಟ್ ತಿರುವುಮುರುವು ಅಂತಲೇ ಅನುಮಾನಿಸಿ.

ಕೊನೆಗೊಂದು: ರೇಟ್ ಹೊಂದಿಸುವ ಕರೆ ಏನು ಉತ್ತರ ಕೊಟ್ಟಿತು ಅಂತ ನೋಡದೇ ಮುಂದೆ ಹೋಗಬೇಡಿ. ಸ್ಪಾರ್ಕ್‌ಸ್ಟೇಷನ್ 1, 2ರಂಥ ಇನ್ನೂ ಹಳೇ ಮೆಷಿನ್‌ಗಳ ಚಿಪ್‌ಗೆ 8000 ಬಿಟ್ಟು ಬೇರೆ ರೇಟೇ ಗೊತ್ತಿಲ್ಲ. ಅಲ್ಲಿ 44,100 ಕೇಳಿದರೆ ಆಗಲ್ಲ ಅನ್ನುತ್ತದೆ, ಆಗ ಹಾಡನ್ನೇ 8000ಕ್ಕೆ ಇಳಿಸಿ ಕಳಿಸಬೇಕು.