ಧಾದಿಂಗ್ ಗುಡ್ಡಗಳಲ್ಲಿ ನೀರಿನ ಕೆಲಸ: ನನ್ನ ಅನುಭವ

ನೇಪಾಳದಲ್ಲಿ ವಾರದ ರಜೆ ಶನಿವಾರ. ಕ್ರೈಸ್ತರು ಸಭೆ ಸೇರುವುದೂ ಆವತ್ತೇ. ಕೋಲಾರದ ಕಡೆಯ ಮೆಥೋಡಿಸ್ಟ್ ಮನೆಯಲ್ಲಿ ಬೆಳೆದ ನನಗೆ ಭಾನುವಾರ ಬೆಳಿಗ್ಗೆ ಆಫೀಸಿಗೆ ಹೊರಡುವುದು ಬಹಳ ದಿನ ಒಗ್ಗಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ನೆಲದ ಮೇಲೆ ಕೂತು, ಮಾದಲ್ ಅನ್ನೋ ಡೋಲಿನ ತಾಳಕ್ಕೆ ಭಜನೆ ಹಾಡುವುದು ಮಾತ್ರ ಬೇಗ ಹಿಡಿಸಿತು. 2015ರ ಏಪ್ರಿಲ್ 25ರ ಭೂಕಂಪವೂ ಶನಿವಾರವೇ ಆದದ್ದು. ಶಾಲೆಗೆ ರಜೆ ಇದ್ದದ್ದರಿಂದ ಎಷ್ಟೋ ಮಕ್ಕಳು ಉಳಿದರು. ಪ್ರಾರ್ಥನೆಗೆ ಸೇರಿದ್ದ ಹಲವರು ಸಭಾಮನೆಯ ಗೋಡೆಯಡಿ ಹೋದರು.

ಆಮೇಲೆಯೇ ನಾನು ಧಾದಿಂಗ್ ಜಿಲ್ಲೆಗೆ ಹೋದದ್ದು, ಒಂದು ಕ್ರೈಸ್ತ ಸೇವಾ ಸಂಸ್ಥೆಯ ಕುಡಿಯುವ ನೀರಿನ ಕೆಲಸಕ್ಕೆ. ಭೂಮಿ ಅಲುಗಾಡಿ ಗುಡ್ಡದ ಒರತೆಗಳು ಕೆಲವು ಕಡೆ ಬತ್ತಿದ್ದವು, ಕೆಲವು ಕಡೆ ಎಲ್ಲೋ ಕೆಳಗೆ ಒಡೆದಿದ್ದವು. ಬೋರ್‌ವೆಲ್ ಊರಿನವನಿಗೆ ಅಲ್ಲಿನದೆಲ್ಲ ಹೊಸತು. ಮೋಟರಿಲ್ಲ, ಕರೆಂಟಿಲ್ಲ. ಮೇಲಿನ ಒರತೆಗೆ ಕಟ್ಟೆ ಕಟ್ಟಿ, ಇಳಿಜಾರಲ್ಲಿ ಪೈಪು ಇಳಿಸಿ, ಟ್ಯಾಂಕ್ ತುಂಬಿಸಿ ನಲ್ಲಿಗೆ ಬಿಡುವುದು. ಸುಲಭ ಅನ್ನಿಸುತ್ತೆ ಅಲ್ವಾ? ಇಳಿತ ಜಾಸ್ತಿ ಆದರೆ ಒತ್ತಡಕ್ಕೆ ಪೈಪೇ ಸೀಳಿಹೋಗುತ್ತದೆ. ನಾವು ಹಾಕುತ್ತಿದ್ದ ಕಪ್ಪು ಪೈಪು 60 ಮೀಟರ್ ಇಳಿತದ ಒತ್ತಡ ತಡೆಯುವಂಥದ್ದು. ಅದಕ್ಕಿಂತ ಕೆಳಗೆ ಹೋಗಬೇಕಾದರೆ ನಡುವೆ ಒಂದು ತೊಟ್ಟಿ ಕಟ್ಟಿ, ನೀರನ್ನು ಅದರೊಳಗೆ ತೆರೆದ ಗಾಳಿಗೆ ಬೀಳಿಸಿ, ಒತ್ತಡ ಇಳಿಸಿ ಮತ್ತೆ ಹೊರಡಿಸಬೇಕು. ಪೈಪನ್ನು ಮೂರಡಿ ಆಳಕ್ಕೆ ಹೂಳಬೇಕು.

ಅಗೆಯುವವರು ಊರಿನವರೇ, ಮನೆಗೆ ಇಷ್ಟು ಮೀಟರ್ ಅಂತ ಪಾಲು. ಮುಂಗಾರಲ್ಲಿ ಭತ್ತದ ನಾಟಿ, ಆಮೇಲೆ ದಶೈನ್ ಹಬ್ಬ. ಅಲ್ಲಿವರೆಗೆ ಕರೆದರೂ ಯಾರೂ ಬರುವುದಿಲ್ಲ, ಕರೆಯಲೂಬಾರದು. ಚಳಿಗಾಲವೇ ನಮ್ಮ ಸುಗ್ಗಿ.

ಹಿಂದಿ ಬಂದರೆ ಸಾಕು, ನೇಪಾಳಿ ತಾನಾಗೇ ಬರುತ್ತೆ ಅಂದಿದ್ದರು. ಲಿಪಿಯೇನೋ ಒಂದೇ. ಆದರೆ 2015ರ ಕೊನೆಯಲ್ಲಿ ಭಾರತದ ಗಡಿಯಲ್ಲಿ ಲಾರಿಗಳು ನಿಂತು, ಗ್ಯಾಸು, ಪೆಟ್ರೋಲಿಗೆ ಜನ ಒದ್ದಾಡಿದ್ದರು. ಭಾರತದ ಮೇಲೆ ಸಿಟ್ಟಿತ್ತು. ಹಿಂದಿಯಲ್ಲಿ ಬಾಯಿ ಬಿಟ್ಟರೆ ಮುಖ ಬಿಗಿಯಾಗುತ್ತಿತ್ತು. ಕರ್ನಾಟಕ ಅಂದರೆ ಮಾತ್ರ ಕೆಲವು ಹಿರಿಯರು, "ಓ, ಪಶುಪತಿಯ ಭಟ್ಟರ ಕಡೆಯವರಾ?" ಅನ್ನೋರು. ಪಶುಪತಿನಾಥನ ಭಟ್ಟರಲ್ಲಿ ನಮ್ಮ ಕಡೆಯಿಂದ ಹೋದವರು ಇದ್ದಾರಲ್ಲ. ಕ್ರೈಸ್ತನಾದ ನನಗೆ ಭಟ್ಟರ ಹೆಸರಲ್ಲಿ ಚಹಾ ಸಿಕ್ಕಿದ್ದುಂಟು! ನಮ್ಮ ರಾಗಿ ಅಲ್ಲಿ ಕೋದೊ, ಮುದ್ದೆಯ ಥರದ್ದು ಢಿಂಡೊ. ಬಡವರ ಊಟ ಅಂತ ಅತಿಥಿಗೆ ಬಡಿಸಲು ನಾಚುತ್ತಾರೆ. ನಾನೇ ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಆ ದೀದಿಯರ ಒಲೆ ಮುಂದೆ ಕಲಿತಷ್ಟು ನೇಪಾಳಿ ಕ್ಲಾಸಿನಲ್ಲಿ ಕಲಿಯಲಿಲ್ಲ.

ಇನ್ನು ಧರ್ಮದ ವಿಷಯ. ಅಲ್ಲಿ ಯಾರನ್ನೂ ಮತಾಂತರ ಮಾಡುವಂತಿಲ್ಲ. 2018ರಲ್ಲಿ ಜಾರಿಗೆ ಬಂದ ಅಪರಾಧ ಸಂಹಿತೆ ಪ್ರಕಾರ ಐದು ವರ್ಷದವರೆಗೆ ಜೈಲು, ವಿದೇಶಿಯಾದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರು. ನಮ್ಮೂರಿನ ಮಿತ್ರರು ಇದಕ್ಕೆ ಮರುಗುತ್ತಿದ್ದರು. ಕಾನೂನು ಸರಿಯೋ ತಪ್ಪೋ, ಅದು ಬೇರೆ ಮಾತು. ಸಿಮೆಂಟಿಗೂ ಪ್ರಾರ್ಥನೆಗೂ ಗಂಟು ಹಾಕಿದರೆ ಎರಡೂ ಕೆಡುತ್ತವೆ ಅನ್ನೋದು ನನ್ನ ಅಭಿಪ್ರಾಯ. 1954ರಲ್ಲಿ ಶುರುವಾದ ಯುನೈಟೆಡ್ ಮಿಷನ್ ಟು ನೇಪಾಳ್ ಕೂಡ ಇಂಥದೇ ಷರತ್ತಿಗೆ ಒಪ್ಪಿಯೇ ಆಸ್ಪತ್ರೆ, ಶಾಲೆ ನಡೆಸಿದ್ದು. ಹಾಗಾಗಿ ಸಭಾಮನೆಯ ಅಂಗಳದಲ್ಲಿ ನಲ್ಲಿ ಬೇಡ ಅಂದೆ. ತಾಮಾಂಗ್ ಸಮುದಾಯದ ಪಾಸ್ಟರ್‌ಗೆ ಬೇಜಾರಾಯಿತು. "ನಮ್ಮವರೂ ಅಗೆದಿಲ್ವಾ ಸರ್?" ಅಂದರು. ಅಗೆದಿದ್ದರು, ನಿಜ. ಕೊನೆಗೆ ದಾರಿಯ ತಿರುವಿನಲ್ಲಿ ಹಾಕಿಸಿದೆವು. ಅವರ ಮನೆಗಳಿಗೂ ಬೌದ್ಧರ ಮನೆಗಳಿಗೂ ಹೆಚ್ಚುಕಮ್ಮಿ ಅಷ್ಟೇ ದೂರ.

ಒರತೆಯಲ್ಲಿ ನಾಗ ಇರುತ್ತಾನೆ ಅಂತ ಅಲ್ಲೂ ನಂಬುತ್ತಾರೆ. ಕೆಲಸಕ್ಕೆ ಮುಂಚೆ ಪೂಜೆ. ಅದು ಮುಗಿಯುವವರೆಗೆ ಸುಮ್ನೆ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಕಷ್ಟ ಬರುತ್ತಿದ್ದದ್ದು ಹಣೆಗೆ ಕುಂಕುಮದ ಟೀಕಾ ಹಚ್ಚುವಾಗ. ನೇಪಾಳಿ ಕ್ರೈಸ್ತರಲ್ಲಿ ಬಹಳ ಮಂದಿ ಹಚ್ಚಿಸಿಕೊಳ್ಳುವುದಿಲ್ಲ. ಇದೇ ವಿಷಯಕ್ಕೆ ಸ್ವಂತ ಮನೆಯವರೊಂದಿಗೆ ಮಾತು ಬಿಟ್ಟವರೂ ಇದ್ದಾರೆ. ನಾನು ಹಣೆ ಕೊಟ್ಟರೆ ಅವರಿಗೆ ನೋವು, ಹಿಂದೆ ಸರಿದರೆ ಬಟ್ಟಲು ಹಿಡಿದು ಬಂದ ಅಜ್ಜನಿಗೆ ಅವಮಾನ. ಊರಿನ ನೀರಿನ ಸಮಿತಿ ಅಧ್ಯಕ್ಷರಿಗೆ ಹಿಂದಿನ ದಿನವೇ ಹೇಳಿಟ್ಟೆ: ಹೂಮಾಲೆ ಹಾಕಿ, ಗೌರವದ ಬಿಳಿ ವಸ್ತ್ರ ಖಾದಾ ಹೊದಿಸಿ, ಹಣೆ ಒಂದು ಬಿಟ್ಟುಬಿಡಿ. ನಕ್ಕು ಒಪ್ಪಿದರು.

ಜಾತಿ ವಿಷಯದಲ್ಲಿ ಮಾತ್ರ ಇಷ್ಟು ಮೆತ್ತಗಿರಲಿಲ್ಲ. ದಲಿತರಾದ ಕಾಮಿ, ದಮಾಯಿ ಮನೆಗಳಿಗೆ ಬೇರೆ ನಲ್ಲಿ ಕೊಟ್ಟುಬಿಡಿ, ಜಗಳವೇ ಇರಲ್ಲ ಅಂದರು ಕೆಲವರು. ಅಸ್ಪೃಶ್ಯತೆಗೆ ಶಿಕ್ಷೆ ವಿಧಿಸುವ 2011ರ ಕಾಯ್ದೆ ಇದೆ ಅಂದರೆ ತಲೆಯಾಡಿಸುತ್ತಾರೆ, ನಲ್ಲಿ ಹತ್ತಿರ ಹೋದರೆ ಅದೇ ಕತೆ. ಒಂದು ಊರಲ್ಲಿ ಬಿಂದಿಗೆ ಇಡುವ ಸಾಲು ಕೊನೆವರೆಗೂ ಎರಡಾಗಿಯೇ ಉಳಿಯಿತು. ಪಕ್ಕದ ಊರಲ್ಲಿ ಹೊಲಿಗೆ ಕೆಲಸದ ದಮಾಯಿ ಹೆಂಗಸೊಬ್ಬರನ್ನು ಖಜಾಂಚಿ ಮಾಡಲೇಬೇಕು ಅಂತ ಹಠ ಹಿಡಿದೆವು. ಅಳತೆ, ಲೆಕ್ಕದಲ್ಲಿ ಆಕೆ ಪಕ್ಕಾ. ಸಿಮೆಂಟು ಎಷ್ಟು ಚೀಲ, ಪೈಪು ಎಷ್ಟು ಸುರುಳಿ, ಹೇಸರಗತ್ತೆ ಬಾಡಿಗೆ ಎಷ್ಟು ಅಂತ ಆಕೆ ಊರ ಮುಂದೆ ಓದುವಾಗ ಬಾಹುನ್ (ಬ್ರಾಹ್ಮಣ) ಹಿರಿಯರೂ ಕೂತು ಕೇಳಬೇಕಿತ್ತು. ತಿಂಗಳ ನೀರಿನ ದುಡ್ಡನ್ನು ಆಕೆಯ ಕೈಗೇ ಕೊಟ್ಟು ರಶೀದಿ ತಗೋಬೇಕಿತ್ತು. ನಲ್ಲಿ ಸೋರಿದರೆ ವಾಷರ್ ಬದಲಿಸುವ ಹುಡುಗನನ್ನು ಕಳಿಸುವವರೂ ಆಕೆಯೇ. ಅಲ್ಲಿ ಸಾಲು ಒಂದೇ ಆಯಿತು.