ಸ್ಲೈಡ್‌ಶೋ ಹೋದಲ್ಲಿಗೆ ಹಾಡೂ ಹೋಗುವಂತೆ ಮಾಡುವ ಬಗೆ

ಗೋಣಿಕೊಪ್ಪಲಿನ ನಮ್ಮ ಸ್ಟುಡಿಯೋಕ್ಕೆ ಮದುವೆಯ ಫೋಟೋಗಳ ಜೊತೆಗೆ ಸ್ಲೈಡ್‌ಶೋ ಮಾಡಿಕೊಡುವ ಕೆಲಸವೂ ಬರುತ್ತದೆ. ಐನ್‌ಮನೆಯಲ್ಲಿ (ಕೊಡವ ಮನೆತನದ ಮೂಲಮನೆಯಲ್ಲಿ) ಒಕ್ಕದವರೆಲ್ಲ, ಅಂದರೆ ಆ ಮನೆತನದವರೆಲ್ಲ, ಸೇರುವ ದಿನ ಹಿರಿಯರ ಹಳೆಯ ಚಿತ್ರಗಳನ್ನು ತೋರಿಸಲು, ಶಾಲೆಯ ವಾರ್ಷಿಕೋತ್ಸವಕ್ಕೆ, ನಿವೃತ್ತರಾಗುವ ಮೇಷ್ಟ್ರ ಬೀಳ್ಕೊಡುಗೆಗೆ ಎಂದು ಜನ ಪವರ್‌ಪಾಯಿಂಟ್‌ನಲ್ಲಿ ಫೋಟೋಗಳನ್ನು ಜೋಡಿಸಿ, ಹಿನ್ನೆಲೆಗೆ ವಾಲಗವನ್ನೋ ಇಷ್ಟದ ಹಾಡನ್ನೋ ಹಾಕಿಸಿಕೊಳ್ಳುತ್ತಾರೆ. ಮಾಡಿದ ಕಂಪ್ಯೂಟರಿನಲ್ಲಿ ಸರಿಯಾಗಿ ಕೇಳಿದ ಹಾಡು ಸಭಾಂಗಣದ ಕಂಪ್ಯೂಟರಿನಲ್ಲಿ ಬಾಯಿ ಬಿಡುವುದಿಲ್ಲ ಎಂಬ ದೂರಿನೊಂದಿಗೆ, ಬೇರೆ ಕಡೆ ತಯಾರಾದ ಫೈಲುಗಳೂ ನನ್ನ ಮೇಜಿಗೆ ಬರುತ್ತವೆ.

ಇಂಥ ಬಹುಪಾಲು ಫೈಲುಗಳಲ್ಲಿ ಕಾರಣ ಒಂದೇ. ಹಾಡು ಫೈಲಿನೊಳಗೆ ಇರುವುದೇ ಇಲ್ಲ. ಅದು ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿದೆ ಎಂಬ ದಾರಿ ಮಾತ್ರ ಬರೆದಿರುತ್ತದೆ. ವಾಲಗದವರನ್ನು ಕರೆತರುವ ಬದಲು ಅವರ ವಿಳಾಸದ ಚೀಟಿಯನ್ನು ಮಂಟಪಕ್ಕೆ ಕಳುಹಿಸಿದ ಹಾಗೆ ಇದು. ಮಾಡಿದ ಕಂಪ್ಯೂಟರಿನಲ್ಲಿ ಆ ದಾರಿ ಸರಿಯಾಗಿರುವುದರಿಂದ ಅಲ್ಲಿ ಎಷ್ಟು ಸಲ ಪರೀಕ್ಷಿಸಿದರೂ ಹಾಡು ಬರುತ್ತಲೇ ಇರುತ್ತದೆ.

ಹಳೆಯ ಆವೃತ್ತಿಗಳಲ್ಲಿ ಇದಕ್ಕೆ ಬಳಕೆದಾರರನ್ನು ದೂರುವಂತಿರಲಿಲ್ಲ. ಪವರ್‌ಪಾಯಿಂಟ್ 2003 ಮತ್ತು 2007ರಲ್ಲಿ ಫೈಲಿನೊಳಗೆ ಸೇರುತ್ತಿದ್ದುದು ವೇವ್ ಎಂಬ, ಕುಗ್ಗಿಸದ ಬಗೆಯ ಧ್ವನಿ ಫೈಲು ಮಾತ್ರ. ಅದೂ ಮೊದಲೇ ನಿಗದಿಯಾದ 100 ಕೆಬಿ ಮಿತಿಯೊಳಗಿರಬೇಕಿತ್ತು. ಆಪ್ಷನ್ಸ್‌ನಲ್ಲಿ ಆ ಮಿತಿಯನ್ನು 50,000 ಕೆಬಿಯವರೆಗೆ ಏರಿಸಲು ಅವಕಾಶವಿತ್ತು. ಸಿಡಿ ಗುಣಮಟ್ಟದ ವೇವ್ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆಯಾದ್ದರಿಂದ ಆ ಗರಿಷ್ಠ ಮಿತಿಯೂ ಐದು ನಿಮಿಷದ ಹಾಡಿಗೆ ಮುಗಿದುಹೋಗುತ್ತಿತ್ತು. ಎಂಪಿ3 ಎಂದೂ ಹೊರಗೇ ಉಳಿಯುತ್ತಿತ್ತು. 2010ರ ಆವೃತ್ತಿಯಿಂದ ಎಂಪಿ3 ತಾನಾಗಿಯೇ ಒಳಗೆ ಸೇರುತ್ತದೆ. ಆದರೂ ಹಳೆಯ ಮಾದರಿಯ ಪಿಪಿಟಿ ಫೈಲನ್ನೇ ತಿದ್ದಿ ಮುಂದುವರಿಸುವವರು, ಇನ್‌ಸರ್ಟ್ ಗುಂಡಿಯ ಪಕ್ಕದ ಬಾಣದಲ್ಲಿರುವ ‘ಲಿಂಕ್ ಟು ಫೈಲ್’ ಒತ್ತಿಬಿಡುವವರು ಈಗಲೂ ಇದ್ದಾರೆ.

ಹಾಡು ಒಳಗಿದೆಯೋ ಇಲ್ಲವೋ ಎಂಬುದನ್ನು ನಾನು ಊಹೆಗೆ ಬಿಡುವುದಿಲ್ಲ. ಫೈಲ್ ಮೆನುವಿನ ‘ಇನ್ಫೋ’ ಪುಟದಲ್ಲಿ ‘ಎಡಿಟ್ ಲಿಂಕ್ಸ್ ಟು ಫೈಲ್ಸ್’ ಎಂಬ ಸಾಲು ಕಾಣಿಸಿದರೆ ಏನೋ ಒಂದು ಹೊರಗಿದೆ ಎಂದರ್ಥ. ಅದಕ್ಕಿಂತ ಖಚಿತವಾದ ಪರೀಕ್ಷೆ ಇನ್ನೊಂದಿದೆ: ಪಿಪಿಟಿಎಕ್ಸ್ ಎಂಬ ಹೊಸ ಮಾದರಿಯ ಪವರ್‌ಪಾಯಿಂಟ್ ಫೈಲು ನಿಜವಾಗಿ ಒಂದು ಜಿಪ್ ಕಟ್ಟು, ಅಂದರೆ ಹಲವು ಫೈಲುಗಳನ್ನು ಒಟ್ಟಿಗೆ ಕಟ್ಟಿದ ಗಂಟು. ಫೈಲಿನ ಒಂದು ನಕಲನ್ನು ಮಾಡಿಕೊಂಡು, ಹೆಸರಿನ ಕೊನೆಯ ಪಿಪಿಟಿಎಕ್ಸ್ ಎಂಬುದನ್ನು ಜಿಪ್ ಎಂದು ಬದಲಿಸಿ ತೆರೆದರೆ, ಪಿಪಿಟಿ ಫೋಲ್ಡರಿನೊಳಗೆ ಮೀಡಿಯಾ ಎಂಬ ಫೋಲ್ಡರ್ ಸಿಗುತ್ತದೆ. ಅದರಲ್ಲಿ ‘ಮೀಡಿಯಾ1’ ಎಂಬಂಥ ಹೆಸರಿನ ಎಂಪಿ3 ಇದ್ದು, ಅದರ ಗಾತ್ರ ಮೂಲ ಹಾಡಿನಷ್ಟೇ ಇದ್ದರೆ ನಿಶ್ಚಿಂತೆ. ಈಚೆಗೆ ವಿರಾಜಪೇಟೆ ಕಡೆಯ ಹಿರಿಯರೊಬ್ಬರು ತಂದ ಫೈಲಿನಲ್ಲಿ ಆ ಫೋಲ್ಡರಿನ ತುಂಬ ಫೋಟೋಗಳೇ ಇದ್ದವು, ಹಾಡಿನ ಸುಳಿವಿರಲಿಲ್ಲ. ‘ಅಲ್ಲ ಮಾರಾಯ, ಮನೆಯಲ್ಲಿ ಹಾಡಿದ್ದು ಇಲ್ಲಿ ಯಾಕೆ ಹಾಡುವುದಿಲ್ಲ?’ ಎಂದು ಕೇಳಿದರು. ಸ್ಲೈಡ್ಸ್ ಫೋಲ್ಡರಿನೊಳಗಿನ, ಇಂಥ ದಾರಿಗಳನ್ನು ಬರೆದಿಡುವ ‘ರೆಲ್ಸ್’ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ತೋರಿಸಿದೆ: ಸಿ ಡ್ರೈವ್, ಯೂಸರ್ಸ್, ಅವರ ಮೊಮ್ಮಗನ ಹೆಸರು, ಡೌನ್‌ಲೋಡ್ಸ್. ಹಾಡು ಬೆಂಗಳೂರಿನ ಆ ಹುಡುಗನ ಲ್ಯಾಪ್‌ಟಾಪಿನಲ್ಲೇ ಕುಳಿತಿತ್ತು.

ಆ ‘ಎಡಿಟ್ ಲಿಂಕ್ಸ್’ ಸಾಲನ್ನು ಒತ್ತಿದಾಗ ತೆರೆಯುವ ಲಿಂಕ್ಸ್ ಪೆಟ್ಟಿಗೆಯಲ್ಲಿ ‘ಬ್ರೇಕ್ ಲಿಂಕ್’ ಒತ್ತಿ ಹಾಡನ್ನು ಒಳಗೆ ತರಬಹುದು, ಆದರೆ ಆಗ ಮೂಲ ಹಾಡು ಅದೇ ಕಂಪ್ಯೂಟರಿನಲ್ಲಿರಬೇಕು. ನಾನಾದರೋ ಹಳೆಯ ಸ್ಪೀಕರ್ ಗುರುತನ್ನು ಅಳಿಸಿ, ಫೈಲನ್ನು ಪಿಪಿಟಿಎಕ್ಸ್ ಆಗಿ ಉಳಿಸಿ, ಹಾಡನ್ನು ಹೊಸದಾಗಿ ಸೇರಿಸುವುದನ್ನೇ ಇಷ್ಟಪಡುತ್ತೇನೆ. ಸೇರಿಸುವ ಮುನ್ನ ಹಾಡುಗಳನ್ನು ಧ್ವನಿ ತಿದ್ದುವ ತಂತ್ರಾಂಶವಾದ ಆಡಾಸಿಟಿಯಲ್ಲಿ ಒಂದಕ್ಕೊಂದು ಜೋಡಿಸಿ, ನಡುವೆ ಧ್ವನಿ ಮೆಲ್ಲಗೆ ಇಳಿದು ಏರುವಂತೆ ಮಾಡಿ, ಒಂದೇ ಎಂಪಿ3 ಆಗಿ ತೆಗೆಯುತ್ತೇನೆ. 128 ಕೆಬಿಪಿಎಸ್‌ನಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಎಂಬಿ ಆಗುತ್ತದೆ, ಸಭಾಂಗಣದ ಸ್ಪೀಕರಿಗೆ ಅಷ್ಟು ಸಾಕು. ವಿಂಡೋಸ್‌ನ ಧ್ವನಿ ಮಾದರಿಯಾದ ಡಬ್ಲ್ಯೂಎಂಎ ಮಾತ್ರ ಬೇಡವೇ ಬೇಡ, ಮ್ಯಾಕ್ ಇಟ್ಟುಕೊಂಡವರಿಗೆ ಅದು ತೊಂದರೆ ಕೊಡುತ್ತದೆ. ಯೂಟ್ಯೂಬ್ ಕೊಂಡಿಯನ್ನೂ ನಾನು ಹಾಕುವುದಿಲ್ಲ. ಮಳೆಗಾಲದಲ್ಲಿ ನಮ್ಮ ಒಳಹಳ್ಳಿಗಳಲ್ಲಿ ಕರೆಂಟ್ ಮತ್ತು ನೆಟ್‌ವರ್ಕ್ ಒಟ್ಟಿಗೇ ಮಾಯವಾಗುವುದು ಎಲ್ಲರಿಗೂ ಗೊತ್ತು.

ಹಾಡು ಒಳಗಿದ್ದರೂ ಮೊದಲ ಸ್ಲೈಡಿಗೇ ನಿಂತುಹೋಗುವುದು ಬೇರೆಯೇ ತೊಡಕು. ಸ್ಪೀಕರ್ ಗುರುತನ್ನು ಆಯ್ದು, ಪ್ಲೇಬ್ಯಾಕ್ ಪಟ್ಟಿಯಲ್ಲಿ ‘ಪ್ಲೇ ಇನ್ ಬ್ಯಾಕ್‌ಗ್ರೌಂಡ್’ ಒತ್ತಿದರೆ ಹಾಡು ತಾನಾಗಿ ಶುರುವಾಗಿ, ಸ್ಲೈಡುಗಳು ಬದಲಾದರೂ ಮುಂದುವರಿಯುತ್ತದೆ, ಗುರುತೂ ತೆರೆಯಿಂದ ಮರೆಯಾಗುತ್ತದೆ.

ಸಭಾಂಗಣದ ಕಂಪ್ಯೂಟರಿನಲ್ಲಿ ಪವರ್‌ಪಾಯಿಂಟಿನ ಯಾವ ಆವೃತ್ತಿ ಇದೆಯೆಂದು ತಿಳಿಯದಿದ್ದಾಗ, ಅಥವಾ ಅಲ್ಲಿ ಪವರ್‌ಪಾಯಿಂಟ್ ಬದಲು ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶ ಇದೆಯೆಂದು ಗೊತ್ತಾದಾಗ, ಎಕ್ಸ್‌ಪೋರ್ಟ್‌ಗೆ ಹೋಗಿ ಇಡೀ ಸ್ಲೈಡ್‌ಶೋವನ್ನು ಎಂಪಿ4 ವಿಡಿಯೋ ಮಾಡಿ, ಪಿಪಿಟಿಎಕ್ಸ್ ಜೊತೆಗೆ ಅದನ್ನೂ ಪೆನ್‌ಡ್ರೈವಿಗೆ ಹಾಕುತ್ತೇನೆ. 2013ರ ಆವೃತ್ತಿಯಿಂದ ಈ ಸೌಲಭ್ಯವಿದೆ. ಪ್ರತಿ ಸ್ಲೈಡಿಗೂ ಸಮಯ ಮೊದಲೇ ಗೊತ್ತುಮಾಡಿರಬೇಕು, ಏಕೆಂದರೆ ವಿಡಿಯೋ ಯಾರ ಕ್ಲಿಕ್ಕಿಗೂ ಕಾಯುವುದಿಲ್ಲ. ಹಾಗಾಗಿ ಒಕ್ಕದ ಹಳೆಯ ಫೋಟೋಗಳಿಗೆ ಇದು ಹೇಳಿ ಮಾಡಿಸಿದಂತಿದ್ದರೂ, ನಡುನಡುವೆ ನಿಲ್ಲಿಸಿ ಮಾತನಾಡುವ ಭಾಷಣಕಾರರಿಗೆ ಒಗ್ಗುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವಾಗ ವಿಡಿಯೋ ಆಗಿ ಕಳುಹಿಸಿದರೆ ಅದು ಕುಗ್ಗಿ ಚಿತ್ರಗಳು ಮಸುಕಾಗುತ್ತವೆ; ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಇದ್ದ ಹಾಗೇ ತಲುಪುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಸಭಾಂಗಣದಲ್ಲಿ ಸದ್ದು ಬಾರದಿದ್ದರೆ, ನಾನು ಮೊದಲು ನೋಡುವುದು ಎಚ್‌ಡಿಎಂಐ ತಂತಿಯನ್ನು. ಅದನ್ನು ಚುಚ್ಚಿದೊಡನೆ ವಿಂಡೋಸ್ ಅನೇಕ ಸಲ ಧ್ವನಿಯನ್ನು ಪ್ರೊಜೆಕ್ಟರಿನ ಕಡೆಗೆ ತಿರುಗಿಸಿಬಿಡುತ್ತದೆ. ಮೈಕ್‌ಸೆಟ್‌ನವರ ತಂತಿ ಮಾತ್ರ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಲ್ಲಿರುತ್ತದೆ. ತೆರೆಯ ಕೆಳಗಿನ ಬಲಮೂಲೆಯ ಸ್ಪೀಕರ್ ಚಿತ್ರವನ್ನು ಒತ್ತಿ, ಪಟ್ಟಿಯಲ್ಲಿ ಪ್ರೊಜೆಕ್ಟರಿನ ಬದಲು ಲ್ಯಾಪ್‌ಟಾಪಿನ ಸ್ಪೀಕರನ್ನು ಆರಿಸಿದರೆ ಸದ್ದು ಮೈಕ್‌ಸೆಟ್ಟಿಗೆ ಹೋಗುತ್ತದೆ.